ತಾರಸಿಯ ಮೇಲೆ ಉಳಿದ ಎಂಟು ಸರಳುಗಳು

ಧಾರವಾಡದ ನಮ್ಮ ಮನೆಯ ತಾರಸಿಯ ಮೇಲೆ 34 ವರ್ಷ ಎಂಟು ಕಬ್ಬಿಣದ ಸರಳುಗಳು ಮುಗಿಲಿಗೆ ಮುಖಮಾಡಿ ನಿಂತಿದ್ದವು. ಪಡಸಾಲೆಯ ಮುಂದಿನ ಎರಡು ಕಂಬಗಳಿಂದ ನಾಲ್ಕು ನಾಲ್ಕಾಗಿ ಮೇಲೆ ಚಾಚಿದ್ದ ಆ ಸರಳುಗಳನ್ನು ಅಪ್ಪ 1989ರಲ್ಲಿ ಮನೆ ಕಟ್ಟಿಸುವಾಗ ಕತ್ತರಿಸಗೊಟ್ಟಿರಲಿಲ್ಲ. ‘ಕೈಯಲ್ಲಿ ನಾಲ್ಕು ಕಾಸು ಕೂಡಿದ ದಿನ ಮೇಲೊಂದು ಮನೆ ಏರಿಸೋಣ’ ಎನ್ನುತ್ತಿದ್ದರು. ಪ್ರತಿ ದೀಪಾವಳಿಗೆ ಗೋಡೆಗಳಿಗೆ ಸುಣ್ಣ ಬಳಿಯುವಾಗ, ತುಕ್ಕು ಹಿಡಿಯದಿರಲೆಂದು ಸರಳುಗಳಿಗೂ ಸಿಮೆಂಟಿನ ಹಾಲು ಬಳಿಯುತ್ತಿದ್ದರು. ಅವ್ವನಿಗೆ ಅವು ಬಟ್ಟೆ ಒಣಹಾಕುವ ಹಗ್ಗ ಕಟ್ಟಲು ಒದಗಿದ್ದವು. ಒಂದು ಕಂಬದ ಸರಳಿನಿಂದ ಇನ್ನೊಂದಕ್ಕೆ ಬಿಗಿದ ಆ ಹಗ್ಗದ ಮೇಲೆ ನಮ್ಮ ಶಾಲೆಯ ಸಮವಸ್ತ್ರಗಳಿಂದ ಹಿಡಿದು ನನ್ನ ಮಗಳ ಕುಂಚಿಗೆಗಳವರೆಗೆ ಎಲ್ಲವೂ ಒಣಗಿವೆ.

ನಮ್ಮ ಕಡೆಯ ಯಾವ ಊರಿನಲ್ಲಿ ಬೇಕಾದರೂ ತಲೆ ಎತ್ತಿ ನೋಡಿ, ಸಾಲು ಸಾಲು ಮನೆಗಳ ನೆತ್ತಿಯ ಮೇಲೆ ಇಂಥ ಸರಳುಗಳು ಕಾಣುತ್ತವೆ. ಇಡೀ ಬಡಾವಣೆಯೇ ಮುಂದಿನ ತಲೆಮಾರಿಗಾಗಿ ಕಾಯುತ್ತಿರುವಂತೆ ತೋರುತ್ತದೆ. ನನಗೆ ಆ ನೋಟವೆಂದರೆ ಬಹಳ ಪ್ರೀತಿ. ಆದರೆ ಆ ಸರಳುಗಳು ಕೊಡುವ ಭರವಸೆಯನ್ನು ಕೆಳಗಿನ ಮನೆ ನಡೆಸಿಕೊಡಬಲ್ಲುದೇ ಎಂದು ಕೇಳಬೇಕೆಂಬುದು ನನಗೆ ಹೊಳೆದದ್ದು ತೀರ ತಡವಾಗಿ.

ಅಪ್ಪ 2006ರಲ್ಲಿ ತೀರಿಕೊಂಡರು. ಸರಳುಗಳಿಗೆ ಸಿಮೆಂಟಿನ ಹಾಲು ಬಳಿಯುವವರು ಯಾರೂ ಉಳಿಯಲಿಲ್ಲ. 2022ರ ಕೊನೆಯಲ್ಲಿ ಪುಣೆಯಲ್ಲಿದ್ದ ನನ್ನ ತಮ್ಮ, ಊರಿಗೇ ಮರಳುವುದಾಗಿ ಹೇಳಿದಾಗ, ಕೆಳಗಿನ 900 ಚದರ ಅಡಿಯ ಮನೆಯ ಮೇಲೆ 700 ಚದರ ಅಡಿ ಏರಿಸುವುದೆಂದು ನಾವೆಲ್ಲ ಕೂತು ನಿರ್ಧರಿಸಿದೆವು. ಪರಿಚಯದವರು ಕಳಿಸಿದ ಗುತ್ತಿಗೆದಾರರೊಬ್ಬರು ಬಂದು ಮೆಟ್ಟಿಲೇರಿದರು, ಸರಳನ್ನು ಕೈಯಲ್ಲಿ ಹಿಡಿದು ಅಲುಗಿಸಿದರು, ‘ಕಂಬಿ ಬಿಟ್ಟಿದ್ದಾರಲ್ಲ, ಚಿಂತೆಯೇ ಇಲ್ಲ. ನಾಲ್ಕು ತಿಂಗಳಲ್ಲಿ ಕೀಲಿಕೈ ಕೊಡುತ್ತೇನೆ’ ಎಂದರು. ನಾವೂ ತಲೆಯಾಡಿಸಿದೆವು. ಹತ್ತು ನಿಮಿಷದಲ್ಲಿ ಮನೆಯ ಪರೀಕ್ಷೆ ಮುಗಿದಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2019ರ ಮಾರ್ಚ್ 19ರ ಮಧ್ಯಾಹ್ನವನ್ನು ಧಾರವಾಡದವರು ಯಾರೂ ಮರೆಯಲಾರರು. ಕುಮಾರೇಶ್ವರ ನಗರದಲ್ಲಿ ಮೇಲೆ ಇನ್ನೂ ಕಟ್ಟುತ್ತಿದ್ದ, ಕೆಳಗೆ ಆಗಲೇ ಅಂಗಡಿಗಳು ನಡೆಯುತ್ತಿದ್ದ ಕಟ್ಟಡವೊಂದು ಕುಸಿದು 19 ಜನ ಸತ್ತರು. ಎರಡು ಮೂರು ದಿನಗಳ ಮೇಲೂ ಅವಶೇಷಗಳಡಿಯಿಂದ ಜೀವಂತವಾಗಿ ಬಂದವರಿದ್ದರು. ಪ್ರತಿಯೊಬ್ಬರು ಹೊರಬಂದಾಗಲೂ ಊರಿಗೆ ಊರೇ ಉಸಿರು ಬಿಟ್ಟಿತ್ತು. ಮುಂದೆ 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕೂಲಿಕಾರರು ಸತ್ತಾಗಲೂ ನನಗೆ ನೆನಪಾದದ್ದು ಧಾರವಾಡದ ಆ ಮೂರು ದಿನಗಳೇ. ನಮ್ಮದು ಪುಟ್ಟ ಮನೆ, ಅಂಥ ಕಟ್ಟಡಗಳಿಗೆ ಹೋಲಿಕೆ ಸಲ್ಲದು, ನಿಜ. ಆದರೂ ನನ್ನ ಅವ್ವ ಮಲಗುವ ಕೋಣೆಯ ಮೇಲೆ ಎಷ್ಟು ಭಾರ ಕೂರಲಿದೆ ಎನ್ನುವುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಮೊದಲು ತೆಗೆದದ್ದು ಮನೆಯ ವಿಮೆಯ ಕಾಗದವನ್ನು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಮನೆ ವಿಮೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿತ್ತು. ನಾವು ಅದನ್ನೇ ಮಾಡಿಸಿದ್ದೆವು. ಬೆಂಕಿ, ಸಿಡಿಲು, ಭೂಕಂಪ, ನೆರೆ, ಬಿರುಗಾಳಿ, ನೀರಿನ ಟ್ಯಾಂಕ್ ಒಡೆಯುವುದು, ಹೀಗೆ ಹಲವು ಆಪತ್ತುಗಳು ಅದರಲ್ಲಿ ಸೇರುತ್ತವೆ. ಮನೆಯ ಬೆಲೆಯನ್ನು ಜಾಗದ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ, ಒಳಗಿನ ವಿಸ್ತೀರ್ಣವನ್ನು ಇಂದಿನ ಕಟ್ಟುವ ಖರ್ಚಿನಿಂದ ಗುಣಿಸುತ್ತಾರೆ. ಚದರ ಅಡಿಗೆ 2,000 ರೂಪಾಯಿ ಹಿಡಿದರೆ ನಮ್ಮ ಮನೆ 18 ಲಕ್ಷದ್ದು. ಒಳಗಿನ ಸಾಮಾನುಗಳಿಗೆ ಅದರ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ಸೇರಿರುತ್ತದೆ. ಒಳ್ಳೆಯ ವಿಮೆ. ನಮ್ಮ ಬೀದಿಯ ಎಷ್ಟು ಜನ ಮಾಡಿಸಿದ್ದಾರೆಂದು ಕೇಳಿದರೆ ಒಂದು ಕೈಯ ಬೆರಳುಗಳೂ ಹೆಚ್ಚು.

ಆದರೆ ಹಿಂದಿನ ಪುಟಗಳಲ್ಲಿ ಒಂದು ಸಾಲು ಇತ್ತು. ಮನೆಯ ಒಳವಿಸ್ತೀರ್ಣ ಶೇ 10ಕ್ಕಿಂತ ಹೆಚ್ಚಾಗುವಂತೆ ಏನನ್ನಾದರೂ ಕಟ್ಟಿದರೆ, ಹೆಚ್ಚುವರಿ ಕಂತು ಕಟ್ಟಿ ಅದನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳದ ಹೊರತು ಆ ಹೊಸ ಭಾಗಕ್ಕೆ ರಕ್ಷಣೆ ಇಲ್ಲ. ನಮ್ಮ ಲೆಕ್ಕದಲ್ಲಿ ಶೇ 10 ಎಂದರೆ 90 ಚದರ ಅಡಿ, ಒಂದು ದೇವರ ಕೋಣೆ ಮತ್ತು ಬಚ್ಚಲು. ನಾವು ಕಟ್ಟಹೊರಟದ್ದು 700. ಇನ್ನೂ ಕೆಳಗೆ ನೆಲ ಕುಸಿತದ ಮಾತಿತ್ತು. ಮನೆ ನಿಂತ ನೆಲ ಕುಸಿದರೆ ಪರಿಹಾರವುಂಟು, ಆದರೆ ಹೊಸ ಕಟ್ಟಡ ಕೂರುವಾಗ ಬೀಳುವ ಸಹಜ ಬಿರುಕಿಗಿಲ್ಲ, ಕೆಟ್ಟ ವಿನ್ಯಾಸ, ಕೆಟ್ಟ ಕೆಲಸ, ಕೆಟ್ಟ ಸಾಮಗ್ರಿಯಿಂದಾದ ಹಾನಿಗಿಲ್ಲ, ಕಟ್ಟಡದಲ್ಲಿ ಮಾಡಿದ ಬದಲಾವಣೆಯಿಂದಲೋ ಅಗೆತದಿಂದಲೋ ಆದದ್ದಕ್ಕಿಲ್ಲ. ನಾನು ಆ ಪುಟವನ್ನು ಮೂರು ಸಲ ಓದಿದೆ. ಹೊರಗಿನಿಂದ ಬಂದೆರಗುವುದಕ್ಕೆ ವಿಮೆ ಇದೆ, ನಾವೇ ಕಟ್ಟಿಕೊಂಡ ದೋಷಕ್ಕೆ ಇಲ್ಲ. ಹಾಗಿರುವುದು ನ್ಯಾಯವೇ ಎಂದು ನನಗನಿಸುತ್ತದೆ. ಆದರೆ ಹಾಗಿದ್ದ ಮೇಲೆ ಕೆಲಸ ಸರಿಯಾಗಿದೆಯೇ ಎಂದು ನೋಡುವವರು ಯಾರು?

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಹಿರಿಯರೊಬ್ಬರು ಸಿಕ್ಕರು. ಅವರು ಬಂದವರು ತಾರಸಿಗೆ ಹೋಗಲಿಲ್ಲ. ‘ಮೊದಲು ಪಾಯ ನೋಡೋಣ’ ಎಂದು ಮನೆಯ ಹಿಂದಿನ ಮೂಲೆಯಲ್ಲಿ ಗುಂಡಿ ತೋಡಿಸಿದರು. ಧಾರವಾಡದ ಪಡುವಣಕ್ಕೆ ಹೋದರೆ ಮಲೆನಾಡಿನ ಕೆಂಪು ನೆಲ, ಮೂಡಣಕ್ಕೆ ನವಲಗುಂದದ ಕಡೆ ಎರೆ ನೆಲ. ನಮ್ಮದು ಮೂಡಣದ ಅಂಚು, ಎರಡಡಿ ಅಗೆಯುವಷ್ಟರಲ್ಲೇ ಕಪ್ಪು ಮಣ್ಣು ಬಂತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಜೋಳಕ್ಕೂ ಹತ್ತಿಗೂ ತಾಯಿಯಂಥ ಈ ಮಣ್ಣು ಗೋಡೆಗೆ ಒಳ್ಳೆಯ ನೆಲೆಯಲ್ಲ. ಕಿಟಕಿಗಳ ಮೂಲೆಯಿಂದ ಓರೆಯಾಗಿ ಹರಿದಿದ್ದ, ನಾವು ವರ್ಷ ವರ್ಷ ಸುಣ್ಣದಲ್ಲಿ ಮುಚ್ಚುತ್ತಿದ್ದ ಗೆರೆಗಳ ಗುಟ್ಟು ಆಗ ತಿಳಿಯಿತು. ಪುಣ್ಯಕ್ಕೆ ಅಪ್ಪ ಪಾಯವನ್ನು ಐದು ಅಡಿ ಇಳಿಸಿ, ಕಪ್ಪು ಮಣ್ಣು ದಾಟಿ ಗರಸಿನ ಮೇಲೆ ಕಲ್ಲು ಕೂರಿಸಿದ್ದರು. ಕಲ್ಲುಗಳ ನಡುವೆ ಸಿಮೆಂಟ್ ಇತ್ತು, ಕೆಸರಲ್ಲ. ಎಂಜಿನಿಯರರು ಟಾರ್ಚ್ ಹಿಡಿದು ಗುಂಡಿಯೊಳಗೆ ಬಗ್ಗಿ, ಒಂದು ಕಲ್ಲನ್ನು ಮುಟ್ಟಿ, ‘ನಿಮ್ಮ ತಂದೆ ದುಡ್ಡನ್ನು ಕಾಣದ ಜಾಗದಲ್ಲಿ ಹಾಕಿದ್ದಾರೆ’ ಎಂದರು. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಮೇಲೆ ಹತ್ತಿದರು. ಸರಳುಗಳನ್ನು ನೋಡಿ ತಲೆಯಲ್ಲಾಡಿಸಿದರು. ತಾರಸಿಗೆ ಸೇರುವ ಬುಡದಲ್ಲಿ ಮಳೆನೀರು ನಿಂತು ನಿಂತು ತುಕ್ಕು ತಿಂದು, ಹೆಬ್ಬೆರಳಿನಷ್ಟು ದಪ್ಪದ ಸರಳು ಅಲ್ಲಿ ಕಿರುಬೆರಳಿನಷ್ಟಾಗಿತ್ತು. ಅದಕ್ಕಿಂತ ದೊಡ್ಡ ಮಾತು ಬೇರೆಯೇ ಇತ್ತು. ಇಡೀ ಮನೆಯಲ್ಲಿ ಕಂಬಗಳಿದ್ದದ್ದು ಆ ಎರಡೇ, ಅವೂ ಪಡಸಾಲೆಯ ಮುಂದಿನ ಮಾಡನ್ನು ಹೊರುವುದಕ್ಕಷ್ಟೇ. ಉಳಿದ ಭಾರವನ್ನೆಲ್ಲ ಹೊತ್ತಿದ್ದು ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆಗಳು. ಸರಳು ಹಿಡಿದು ಅಲುಗಿಸಿದ ಗುತ್ತಿಗೆದಾರರು ಆ ಕಂಬಗಳ ಮೇಲೆ ಕೋಣೆ ಎಬ್ಬಿಸುವವರಿದ್ದರು. ಮೇಲಿನ ಬಚ್ಚಲಿನ ಗೋಡೆಯೊಂದನ್ನು ಸ್ಲ್ಯಾಬಿನ ನಟ್ಟನಡುವೆ, ಕೆಳಗೆ ಯಾವ ಆಸರೆಯೂ ಇಲ್ಲದ ಕಡೆ, ಅಂದರೆ ಸರಿಯಾಗಿ ಅವ್ವನ ಮಂಚದ ಮೇಲೆ, ನಿಲ್ಲಿಸುವುದೂ ಅವರ ನಕ್ಷೆಯಲ್ಲಿತ್ತು.

ಹಳೆಯ ಸ್ಲ್ಯಾಬಿನ ಗಟ್ಟಿತನ ನೋಡಲು ರಿಬೌಂಡ್ ಹ್ಯಾಮರ್ ಎಂಬ ಉಪಕರಣ ತಂದಿದ್ದರು. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ಸುತ್ತಿಗೆ ಬಡಿದು ಎಷ್ಟು ಹಿಮ್ಮೆಟ್ಟುತ್ತದೆಂಬುದರ ಮೇಲೆ ಮೇಲ್ಮೈ ಗಟ್ಟಿತನದ ಅಂದಾಜು ಸಿಗುತ್ತದೆ. ಹತ್ತಾರು ಕಡೆ ಬಡಿದು ನೋಡಿದರು. ಅಂಕಿಗಳು ಅವರ ನಿರೀಕ್ಷೆಗಿಂತ ಚೆನ್ನಾಗಿ ಬಂದವು. ‘ಆಗ ಹೊಸ ಸ್ಲ್ಯಾಬಿಗೆ ನೀರುಣಿಸಿದ್ದು ಯಾರು?’ ಎಂದು ಕೇಳಿದರು. ಕೆಳಗೆ ಕಟ್ಟೆಯ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆ ಎತ್ತಿ, ‘ನಾನು. ಇವಳನ್ನು ಮನೆಯಲ್ಲಿ ಬಿಟ್ಟು, ಬಾವಿಯಿಂದ ಕೊಡದಲ್ಲಿ ಹೊತ್ತು, 21 ದಿನ’ ಎಂದರು. ನಾನು ಆ ಮಾತನ್ನು ಅದೇ ಮೊದಲ ಸಲ ಕೇಳಿದ್ದು. ಹಳೆಯ ಮನೆಯ ಗುಣಮಟ್ಟಕ್ಕೆ ನಮ್ಮ ಬಳಿ ಇದ್ದ ದಾಖಲೆ ಅದೊಂದೇ, ಅದೂ ಅಷ್ಟು ವರ್ಷ ಯಾರೂ ಕೇಳದೆ ಅವಳೊಳಗೇ ಇತ್ತು.

ಕೊನೆಗೆ ಎಂಜಿನಿಯರರು ಹೇಳಿದ್ದು ಇಷ್ಟು. ಒಂದು ಮಹಡಿ ಏರಿಸಬಹುದು. ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೆಯೇ ಬರಬೇಕು. ಇಟ್ಟಿಗೆಯ ಬದಲು ಅದರ ಮೂರನೇ ಒಂದರಷ್ಟೇ ತೂಗುವ ಹಗುರ ಬ್ಲಾಕ್ ಬಳಸಬೇಕು. ಎರಡು ಕಂಬಗಳ ಮೇಲೆ ಏನೂ ಬೇಡ, ಆ ಭಾಗ ಬಯಲು ತಾರಸಿಯಾಗಿಯೇ ಉಳಿಯಲಿ. ನೀರಿನ ಟ್ಯಾಂಕನ್ನು ಗೋಡೆಗಳು ಕೂಡುವ ಮೂಲೆಯಲ್ಲಿಡಬೇಕು. ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾದು ತುಂಬಿಟ್ಟುಕೊಳ್ಳುವುದು ನಮ್ಮ ಊರಿಗೆ ರೂಢಿಯಾದದ್ದರಿಂದ ಮನೆ ಮನೆಯ ನೆತ್ತಿಯ ಮೇಲೂ ಎರಡು ಮೂರು ಟ್ಯಾಂಕುಗಳಿರುತ್ತವೆ. 1,000 ಲೀಟರಿನ ಒಂದು ಟ್ಯಾಂಕಿನ ನೀರೇ ಒಂದು ಟನ್ ಭಾರ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಮತ್ತೊಂದು ಮಹಡಿಯ ಆಸೆಯಂತೂ ಬೇಡವೇ ಬೇಡ ಎಂದರು.

ಮೊದಲ ಗುತ್ತಿಗೆದಾರರಿಗೆ ಎಂಜಿನಿಯರರು ಹೇಳಿದಂತೆ ಬದಲಾದ ನಕ್ಷೆ ತೋರಿಸಿ, ಕರಾರು ಬರೆಯೋಣ ಎಂದಾಗ ಅವರ ಮುಖ ಸಣ್ಣದಾಯಿತು. ‘ನಂಬಿಕೆ ಇಲ್ಲದ ಕಡೆ ನಾನು ಕೆಲಸ ಮಾಡುವುದಿಲ್ಲ’ ಎಂದು ಎದ್ದು ಹೋದರು. ಪರಿಚಯಿಸಿದವರೂ ಕೆಲವು ದಿನ ಮಾತು ಬಿಟ್ಟರು. ನಮ್ಮಲ್ಲಿ ಇದು ಬಹಳ ಆಳದ ಸಂಗತಿ. ಹೆಣ್ಣು ಕೊಡುವಾಗ ಹತ್ತು ಕಡೆ ವಿಚಾರಿಸುವ ನಾವು, ಮಹಡಿ ಕಟ್ಟಲು 14 ಲಕ್ಷ ಕೊಡುವಾಗ ಕಾಗದ ಕೇಳುವುದನ್ನು ಅವಮಾನವೆಂದುಕೊಳ್ಳುತ್ತೇವೆ. ಬಿಲ್ಡರ್‌ನಿಂದ ಫ್ಲ್ಯಾಟ್ ಕೊಂಡವರಿಗೆ ರೇರಾ ಎಂಬ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ಐದು ವರ್ಷದವರೆಗೆ ಕಟ್ಟಡದ ದೋಷ ಸರಿಪಡಿಸಿಕೊಡಬೇಕೆಂಬ ರಕ್ಷಣೆ ಇದೆ. ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುವ ನಮ್ಮಂಥವರಿಗೆ ಅದು ಅನ್ವಯಿಸುವುದಿಲ್ಲ. ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಒಂದು ಸೇವೆ, ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಅಲ್ಲಿ ತೋರಿಸುವುದಕ್ಕಾದರೂ ಕೈಯಲ್ಲಿ ಒಂದು ಬರಹ ಬೇಕಲ್ಲವೇ?

ಎರಡನೆಯವರು ಗೌಂಡಿಯಾಗಿ ಕೆಲಸ ಆರಂಭಿಸಿ ಗುತ್ತಿಗೆದಾರರಾದವರು. ಕರಾರನ್ನು ಎರಡು ದಿನ ಮನೆಗೆ ಒಯ್ದು, ಮಗನಿಂದ ಓದಿಸಿ ಕೇಳಿ, ಸಹಿ ಹಾಕಿದರು. ಒಟ್ಟು ಮೊತ್ತದ ಶೇ 5, ಅಂದರೆ 70,000 ರೂಪಾಯಿ, ಒಂದು ಮಳೆಗಾಲ ಕಳೆಯುವವರೆಗೆ ನಮ್ಮಲ್ಲೇ ಉಳಿಯಬೇಕೆಂಬ ಸಾಲಿನ ಹತ್ತಿರ ಮಾತ್ರ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿದ್ದರು.

ಕೆಲಸ ನಡೆಯುವ ಕಾಲಕ್ಕೆಂದು ಬೇರೆ ವಿಮೆ ಇದೆ, ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಎನ್ನುತ್ತಾರೆ. ಕಟ್ಟುತ್ತಿರುವ ಭಾಗಕ್ಕೆ ಆಗುವ ಆಕಸ್ಮಿಕ ಹಾನಿ, ಪಕ್ಕದವರಿಗೆ ಆಗುವ ಹಾನಿ ಅದರಲ್ಲಿ ಬರುತ್ತವೆ, ಕೇಳಿ ಬರೆಸಿಕೊಂಡರೆ ಕೆಳಗಿನ ಹಳೆಯ ಮನೆಯನ್ನೂ ಸೇರಿಸುತ್ತಾರೆ. ಕೇಳದಿದ್ದರೆ ಸೇರುವುದಿಲ್ಲ, ಮಹಡಿ ಏರಿಸುವವರು ಇದನ್ನು ಗಮನಿಸಬೇಕು. ಕೆಟ್ಟ ಕೆಲಸವನ್ನು ಒಡೆದು ಮತ್ತೆ ಕಟ್ಟುವ ಖರ್ಚನ್ನು ಈ ವಿಮೆಯೂ ಕೊಡುವುದಿಲ್ಲ. ಕೆಟ್ಟ ಕೆಲಸದಿಂದ ಪಕ್ಕದ ಒಳ್ಳೆಯ ಭಾಗ ಹಾಳಾದರೆ ಆ ಪಕ್ಕದ್ದಕ್ಕೆ ಕೊಡುತ್ತದೆ.

ವಿಜಯಪುರ, ಯಾದಗಿರಿ ಕಡೆಯಿಂದ ಬಂದಿದ್ದ ಕೆಲಸಗಾರರಿಗೆ ಗುತ್ತಿಗೆದಾರರ ಹೆಸರಿನಲ್ಲಿ ಕಾರ್ಮಿಕರ ಪರಿಹಾರದ ವಿಮೆ ಮಾಡಿಸಿದೆವು. ವರ್ಷಕ್ಕೆ 20 ರೂಪಾಯಿಯ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯಾರ್ಯಾರಿಗಿದೆ ಎಂದು ಕೇಳಿದೆ. ಏಳು ಜನರಲ್ಲಿ ಇಬ್ಬರು ಕೈ ಎತ್ತಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಉಳಿದವರ ಜೊತೆ ಅವರವರ ಬ್ಯಾಂಕಿಗೆ ಹೋಗಿ ಅರ್ಜಿ ತುಂಬಿಸಿದೆ. ನಮ್ಮ ಮನೆಯ ಮೇಲೆ ಹತ್ತಿ ನಿಂತವರಿಗೆ ಏನಾದರೂ ಆದರೆ ಎಂಬ ಯೋಚನೆ, ಗೋಡೆ ಬಿರುಕು ಬಿಟ್ಟರೆ ಎಂಬ ಯೋಚನೆಗಿಂತ ಎಷ್ಟೋ ಪಾಲು ಭಾರವಾಗಿತ್ತು.

ಏಪ್ರಿಲ್‌ನಲ್ಲಿ ಹೊಸ ಸ್ಲ್ಯಾಬ್ ಹಾಕಿದರು. ಆ ದಿನ ನಾನು ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಏಳರಿಂದ ಮಿಕ್ಸರಿನ ಪಕ್ಕದಲ್ಲೇ ನಿಂತಿದ್ದೆ. ಒಂದು ಚೀಲ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಬೀಳಬಾರದೆಂದು ಎಂಜಿನಿಯರರು ಬಕೆಟಿಗೆ ಗೆರೆ ಹಾಕಿಕೊಟ್ಟಿದ್ದರು. ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರಿತು, ಕಾಂಕ್ರೀಟು ಬಿಗಿಯತೊಡಗಿತು, ಹುಡುಗನೊಬ್ಬ ಪೈಪನ್ನೇ ಮಿಕ್ಸರಿನೊಳಗೆ ತಿರುಗಿಸಿದ. ನಾನು ಕೂಗಿದೆ. ಹಿರಿಯ ಗೌಂಡಿ ಸಮಾಧಾನದಿಂದ, ‘ಅಕ್ಕಾವರೇ, ಇಷ್ಟು ಗಟ್ಟಿಯಾದರೆ ಕಂಬಿಯ ಸಂದಿಗೆ ಇಳಿಯುವುದಿಲ್ಲ’ ಎಂದರು. ಅವರು ಹೇಳಿದ್ದೂ ಸುಳ್ಳಲ್ಲ, ಇಳಿಯದಿದ್ದರೆ ಒಳಗೆ ತೂತು ಉಳಿಯುತ್ತದೆ. ಆದರೆ ನೀರು ಹೆಚ್ಚಾದಷ್ಟೂ ಒಣಗಿದ ಮೇಲೆ ಕಾಂಕ್ರೀಟಿನ ಬಲ ಇಳಿಯುತ್ತದೆ. ಎಂಜಿನಿಯರರಿಗೆ ಫೋನ್ ಮಾಡಿದೆ. ಅವರು ಬಂದು, ಕೈಯಲ್ಲಿ ಕುಟ್ಟುವುದನ್ನು ನಿಲ್ಲಿಸಿ, ಕಾಂಕ್ರೀಟನ್ನು ಅದುರಿಸಿ ಸಂದಿಗೆ ಇಳಿಸುವ ವೈಬ್ರೇಟರ್ ತರಿಸಿದರು. ಒಂದು ಗಂಟೆ ಕೆಲಸ ನಿಂತಿತು. ಬಾಡಿಗೆಗೆ 1,500 ರೂಪಾಯಿ ಹೋಯಿತು. ಅಂದಿನ ಕಾಂಕ್ರೀಟಿನಿಂದಲೇ 15 ಸೆಂಟಿಮೀಟರಿನ ಆರು ಘನಗಳನ್ನು ಅಚ್ಚಿಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದೆವು, ಮೂರು 7ನೇ ದಿನಕ್ಕೆ, ಮೂರು 28ನೇ ದಿನಕ್ಕೆ ಮುರಿದು ನೋಡಲೆಂದು. ಎರಡೂ ಸಲ ಪರೀಕ್ಷೆಯಲ್ಲಿ ಪಾಸಾದವು.

ನೀರುಣಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಈಗಿನ ಬೂದಿ ಬೆರೆಸಿದ ಸಿಮೆಂಟಿಗೆ ಹತ್ತು ದಿನ ಕನಿಷ್ಠ, ಹದಿನಾಲ್ಕು ದಿನ ಒಳ್ಳೆಯದು. ಕಾಂಕ್ರೀಟಿನೊಳಗೆ ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರನ್ನು ಹೀರಿ. ಇಷ್ಟು ಸರಳ ಸಂಗತಿ ಗೊತ್ತಿಲ್ಲದೆ ಎಷ್ಟು ಸ್ಲ್ಯಾಬುಗಳು ನಮ್ಮೂರ ಬಿಸಿಲಿನಲ್ಲಿ ಸೊರಗಿವೆಯೋ. ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆವು. ಬೋರ್‌ವೆಲ್ ಐದನೇ ದಿನಕ್ಕೆ ಕೈಕೊಟ್ಟಿತು, ಟ್ಯಾಂಕರ್ ತರಿಸಿದೆವು. ಮೊಣಕಾಲು ನೋವಿನ ಅವ್ವ ಮೇಲೆ ಹತ್ತಲಾರದೆ ಪ್ರತಿ ಬೆಳಿಗ್ಗೆ ಅಂಗಳದಲ್ಲಿ ನಿಂತು, ‘ನೀರು ನಿಂತಿದೆಯೇನೇ?’ ಎಂದು ಕೂಗಿ ಕೇಳುತ್ತಿದ್ದರು. ಹತ್ತನೇ ದಿನ ಬೀಮಿನ ಕೆಳಗಿನ ಆಸರೆಗಳನ್ನು ಬೇರೆ ಕೆಲಸಕ್ಕೆ ಒಯ್ಯಲು ಸೆಂಟ್ರಿಂಗ್‌ನವರು ಗಾಡಿ ತಂದಾಗ ಅವರನ್ನು ಗೇಟಿನಲ್ಲೇ ತಡೆದು ವಾಪಸು ಕಳಿಸಿದ್ದೂ ಅವ್ವನೇ. ಹದಿನಾಲ್ಕು ದಿನಕ್ಕೆ ಮುಂಚೆ ಬೀಮಿನ ಆಸರೆ ತೆಗೆಯಬಾರದೆಂದು ಎಂಜಿನಿಯರರು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು.

ಇಷ್ಟೆಲ್ಲ ನೋಡಿಕೊಂಡರೂ ಜುಲೈ ಮಳೆಗೆ ಸೋರಿತು. ಹೊಸ ಗೋಡೆ ಹಳೆಯ ತಾರಸಿಯನ್ನು ಕೂಡುವ ಮೂಲೆಯಲ್ಲಿ, ನಾವು ಯಾರೂ ನಿಂತು ನೋಡದ ಒಂದು ಮಧ್ಯಾಹ್ನ, ಗಿಲಾವು ಹಾಕಿ ಮುಗಿಸಿದ್ದರು. ಪಡಸಾಲೆಯ ಗೋಡೆ ಹಸಿಯಾಗಿ, ಅಪ್ಪನ ಫೋಟೊದ ಹಿಂದೆ ಬೂಸಲು ಬಂತು, ಒಂದು ಕಪಾಟಿನ ಪುಸ್ತಕಗಳು ಹಾಳಾದವು. ವಿಮಾ ಕಚೇರಿಗೆ ಫೋನ್ ಮಾಡಿದೆ. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, ‘ಮೇಡಂ, ನೆರೆ ನುಗ್ಗಿದ್ದರೆ ಬರುತ್ತಿತ್ತು, ಟ್ಯಾಂಕ್ ಒಡೆದಿದ್ದರೂ ಬರುತ್ತಿತ್ತು. ಮೂಲೆ ಸರಿಯಾಗಿ ಕಟ್ಟದೆ ಸೋರಿದ್ದು ಬರುವುದಿಲ್ಲ’ ಎಂದರು. ಅದು ನನಗೆ ಗೊತ್ತೇ ಇತ್ತು, ಆದರೂ ಕೇಳಿ ಮನಸ್ಸು ಬಾಡಿತು. ಗುತ್ತಿಗೆದಾರರನ್ನು ಕರೆದೆ. ನಮ್ಮಲ್ಲಿ ಉಳಿದಿದ್ದ 70,000ದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮಳೆ ಬಿಡುವು ಕೊಟ್ಟ ವಾರ ಮೂಲೆಯನ್ನು ಒಡೆದು, ಹೊಸದಾಗಿ ಗುಂಡಗೆ ತೀಡಿ, ಸೋರದ ಲೇಪ ಹಚ್ಚಿ, ಒಂದು ದಿನ ನೀರು ನಿಲ್ಲಿಸಿ ತೋರಿಸಿದರು. ಸೆಪ್ಟೆಂಬರಿನಲ್ಲಿ ಅಷ್ಟೂ ಹಣವನ್ನು ಅವರ ಕೈಗೆ ಕೊಟ್ಟೆ. ಅದೇ ವಾರ ಪಾಲಿಸಿಯಲ್ಲಿ 900 ಇದ್ದದ್ದು 1,600 ಆಯಿತು, ಮೊತ್ತ 32 ಲಕ್ಷವಾಯಿತು.

ತಮ್ಮನ ಸಂಸಾರ ದೀಪಾವಳಿಗೆ ಬಂದು ಸೇರಿತು. ಹಬ್ಬದ ಮುಂಚೆ ಎರಡು ಕಂಬಗಳ ಸರಳುಗಳನ್ನು ಕತ್ತರಿಸಲು ಗೌಂಡಿ ಬಂದರು. ಬುಡದ ಕಾಂಕ್ರೀಟನ್ನು ಎರಡು ಇಂಚು ಅಗೆದು, ಸರಳನ್ನು ಮೇಲ್ಮೈಗಿಂತ ಕೆಳಗೆ ಕತ್ತರಿಸಿ, ತುಕ್ಕು ಉಜ್ಜಿ, ಮತ್ತೆ ತುಂಬಿ ಮುಚ್ಚಬೇಕು, ಇಲ್ಲದಿದ್ದರೆ ತುಕ್ಕು ಕಂಬದೊಳಗೇ ಇಳಿಯುತ್ತದೆ. ‘ನಾಲ್ಕಾದರೂ ಬಿಡಲೇ ಅಕ್ಕಾವರೇ, ಮುಂದೆ ಮಕ್ಕಳಿಗೆ ಬೇಕಾದೀತು’ ಎಂದು ಅವರು ಕೇಳಿದರು. ಬೇಡ ಎಂದೆ. ಕಟರ್ ಕಿಡಿ ಕಾರುವ ಸದ್ದಿಗೆ ಅವ್ವ ಅಂಗಳಕ್ಕೆ ಬಂದು ಮೇಲೆ ನೋಡಿದರು. ಸದ್ದು ನಿಲ್ಲುವವರೆಗೆ ಕಾದು, ‘ನನ್ನ ಹಗ್ಗ ಎಲ್ಲಿ ಕಟ್ಟುತ್ತೀರಿ?’ ಎಂದರು.

ಗೌಂಡಿ ಹೊಸ ಗೋಡೆಯಲ್ಲಿ ಎರಡು ಕೊಂಡಿ ಕೂರಿಸಿಕೊಟ್ಟರು.